ಎಪ್ಪತ್ತು ಎಂದು ತೋರಿಸಿದ ನೂರ ಹನ್ನೆರಡು

2004ರ ಬೇಸಿಗೆ. ನಾನಾಗ ಗೋವೆಯ ವೆರ್ಣಾ ಕೈಗಾರಿಕಾ ವಸಾಹತಿನ ಒಂದು ಕ್ಯಾಲಿಬ್ರೇಶನ್ ಲ್ಯಾಬಿನಲ್ಲಿ ಹಿರಿಯ ತಂತ್ರಜ್ಞೆಯಾಗಿದ್ದೆ. ಕ್ಯಾಲಿಬ್ರೇಶನ್ ಎಂದರೆ ಅಳೆಯುವ ಉಪಕರಣಗಳನ್ನೇ ಅಳೆಯುವ ಕೆಲಸ. ಕಾರ್ಖಾನೆಯ ಥರ್ಮಾಮೀಟರು, ಒತ್ತಡದ ಗೇಜು, ತೂಕದ ಯಂತ್ರ ಇವೆಲ್ಲ ನಿಜ ಹೇಳುತ್ತಿವೆಯೇ ಎಂದು ನಮ್ಮ ಪ್ರಮಾಣಿತ ಉಪಕರಣಗಳ ಪಕ್ಕದಲ್ಲಿಟ್ಟು ನೋಡಿ, ಸರಿಯಿದ್ದರೆ ಪ್ರಮಾಣಪತ್ರ ಕೊಡುತ್ತಿದ್ದೆವು. ಹುಬ್ಬಳ್ಳಿಯಲ್ಲಿ ಇನ್‌ಸ್ಟ್ರುಮೆಂಟೇಶನ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಗೋವೆಗೆ ಬಂದವಳು ನಾನು. ಔಷಧದ ಕಾರ್ಖಾನೆಗಳಿಗೂ ಮೀನಿನ ಶೈತ್ಯಾಗಾರಗಳಿಗೂ ಒಬ್ಬಳೇ ಪೆಟ್ಟಿಗೆ ಹಿಡಿದು ಹೋಗಿ ಬರುವ ಹೆಂಗಸು ಆ ದಿನಗಳಲ್ಲಿ ನಮ್ಮ ಲ್ಯಾಬಿನಲ್ಲಿ ನಾನೊಬ್ಬಳೇ. ಆ ಹೆಮ್ಮೆಯನ್ನು ನಾನು ಯಾವತ್ತೂ ಬಚ್ಚಿಟ್ಟವಳಲ್ಲ.

ಏಪ್ರಿಲ್ ತಿಂಗಳಲ್ಲಿ ಕೆಪೆಯ ಕಡೆಯ ಒಂದು ಗೋಡಂಬಿ ಕಾರ್ಖಾನೆಯಿಂದ ಕರೆ ಬಂತು. ಮಾಲೀಕರ ಹೆಸರು ಪ್ರಭುದೇಸಾಯಿ. ಹೊಸದಾಗಿ ಹಾಕಿಸಿದ ಒಣಗಿಸುವ ಯಂತ್ರದ ತಾಪಮಾನ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕೆಂದು ಕೇಳಿದರು. ಅರ್ಜೆಂಟು ಯಾಕೆ ಎಂದು ಕೇಳಿದ್ದಕ್ಕೆ, ನೀವು ಬಂದ ಮೇಲೆ ಹೇಳುತ್ತೇನೆ ಎಂದರು.

ಗೋಡಂಬಿಯ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಗಟ್ಟಿ ಚಿಪ್ಪು ಒಡೆದು ತೆಗೆದ ಬೀಜದ ಮೇಲೆ ತೆಳುವಾದ ಕೆಂಪು ಸಿಪ್ಪೆ ಇರುತ್ತದೆ. ಬೀಜವನ್ನು ಸುಮಾರು ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ಕೆಲವು ಗಂಟೆ ಒಣಗಿಸಿದರೆ ಆ ಸಿಪ್ಪೆ ಬೆರಳಿಗೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಬೀಜ ಬೆಳ್ಳಗೆ ಉಳಿಯುತ್ತದೆ. ಬಿಸಿ ಹೆಚ್ಚಾದರೆ ಬೀಜ ಕಂದಿ ಕಮಟು ವಾಸನೆ ಬರುತ್ತದೆ. ಅಂಥದ್ದನ್ನು ಯಾರೂ ಕೊಳ್ಳುವುದಿಲ್ಲ.

ಕಾರ್ಖಾನೆಗೆ ಹೋದಾಗ ಬಾಗಿಲ ಬಳಿಯೇ ಚೀಲಗಳಲ್ಲಿ ಅಂಥ ಕಂದು ಬೀಜ ತುಂಬಿತ್ತು. ಪ್ರಭುದೇಸಾಯಿ ಕೊಂಕಣಿ, ಹಿಂದಿ ಬೆರೆಸಿ ವಿಷಯ ಹೇಳಿದರು. ಕಟ್ಟಿಗೆ ಉರಿಸುವ ಹಳೆಯ ಒಲೆ ತೆಗೆಸಿ ವಿದ್ಯುತ್ ಯಂತ್ರ ಹಾಕಿಸಿದ್ದರು. ಅವತ್ತಿನಿಂದ ಯಂತ್ರಕ್ಕೆ ಹಾಕಿದ್ದೆಲ್ಲ ಹೀಗೆ ಕಂದಿ ಹೊರಬರುತ್ತಿತ್ತು. ಯಂತ್ರದ ನಿಯಂತ್ರಣ ಪ್ಯಾನೆಲ್ ಮಾಡಿಕೊಟ್ಟ ಸಾವಂತ ಎಂಬ ಎಂಜಿನಿಯರ್ ಬಂದು, ಒಳಗಿನ ಬಿಸಿ ಅಳೆಯುವ ಸೆನ್ಸರನ್ನು ಮಂಜುಗಡ್ಡೆಯಲ್ಲಿ ಅದ್ದಿ ನೋಡಿ, ಯಂತ್ರದಲ್ಲಿ ದೋಷವಿಲ್ಲ, ನಡೆಸುವವರು ತಾಪಮಾನದ ಅಂಕಿ ತಿರುಗಿಸುತ್ತಿದ್ದಾರೆ ಎಂದು ಹೇಳಿಹೋಗಿದ್ದ. ನಡೆಸುತ್ತಿದ್ದವಳು ನೀಲವ್ವ. ನಾನು ಯಂತ್ರ ಸರಿಯಿದೆ ಎಂದು ಬರೆದುಕೊಟ್ಟರೆ ಅವಳನ್ನು ಒಣಗಿಸುವ ಕೋಣೆಯಿಂದ ತೆಗೆದು ಚಿಪ್ಪು ಒಡೆಯುವ ಕಡೆಗೆ ಹಾಕುವುದೆಂದು ಮಾಲೀಕರು ತೀರ್ಮಾನಿಸಿಬಿಟ್ಟಿದ್ದರು.

ನೀಲವ್ವ ಬಾದಾಮಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಬಂದ ಹೊಸತರಲ್ಲಿ ಚಿಪ್ಪು ಒಡೆದೇ ಅವಳ ಕೈಯ ಚರ್ಮ ಸುಟ್ಟಿತ್ತು. ಆ ಚಿಪ್ಪಿನ ಎಣ್ಣೆ ಅಷ್ಟು ಉರಿಯ ವಸ್ತು. ಅಲ್ಲಿಂದ ಮೇಲೆ ಬಂದು, ಒಣಗಿಸುವ ಕೋಣೆಯ ಹೊಣೆ ಹೊತ್ತು, ಕಾರ್ಖಾನೆಯ ಹಿಂದಿನ ಖೋಲಿಯಲ್ಲಿ ಸಂಸಾರ ಹೂಡಿದ್ದಳು. ಆ ಖೋಲಿ ಆ ಹೊಣೆಗೆ ಸೇರಿದ್ದು. ಹೊಣೆ ಹೋದರೆ ಖೋಲಿಯೂ ಹೋಗುತ್ತಿತ್ತು.

ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ಅವಳು ಹತ್ತಿರ ಬಂದು ನಿಂತಳು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ.

“ನಾ ಎಪ್ಪತ್ತಕ್ಕ ಇಟ್ಟೀನ್ರಿ ಅಕ್ಕಾರ. ಆಮ್ಯಾಲ ಅದಕ್ಕ ಕೈ ಸೈತ ಹಚ್ಚಿಲ್ಲ. ಮಷೀನ್ನ್ಯಾಗೂ ಎಪ್ಪತ್ತs ತೋರಸ್ತಿತ್ತು. ಇವರು ಯಾರೂ ನಂಬವಲ್ರು.”

“ನೀವು ಹೇಳಿದ್ದು ನಾ ಕೇಳ್ಕೊಂಡೀನಿ. ಈಗ ಮಷೀನ್ ಏನ್ ಹೇಳತೈತಿ ನೋಡೂಣು,” ಎಂದೆ. ಅದಕ್ಕಿಂತ ಹೆಚ್ಚು ಭರವಸೆ ಕೊಡುವ ಹಕ್ಕು ಆಗ ನನಗಿರಲಿಲ್ಲ.

ಪ್ಯಾನೆಲ್ ಸರಳವಾಗಿತ್ತು. ಬೇಕಾದ ತಾಪಮಾನ ಇಡಲು ಬೆರಳಿನಿಂದ ತಿರುಗಿಸುವ ಎರಡು ಪುಟ್ಟ ಅಂಕಿಚಕ್ರಗಳು, ಒಂದು ಹತ್ತರ ಸ್ಥಾನಕ್ಕೆ, ಒಂದು ಬಿಡಿ ಸ್ಥಾನಕ್ಕೆ. ಅದರ ಮೇಲೆ ಒಳಗಿನ ತಾಪಮಾನ ತೋರಿಸುವ ಎರಡಂಕಿಯ ಕೆಂಪು ಡಿಸ್‌ಪ್ಲೇ. ಇವೆರಡರ ನಡುವೆ ಪಿಎಲ್‌ಸಿ ಎಂಬ ನಿಯಂತ್ರಕ, ಅಂದರೆ ಹೀಟರನ್ನು ಹಚ್ಚಿ ಆರಿಸುವ ಪುಟ್ಟ ಕಂಪ್ಯೂಟರ್. ಸಾವಂತ ಮಾಡಿದ್ದ ಪರೀಕ್ಷೆಯನ್ನೇ ನಾನು ಮೊದಲು ಮಾಡಿದೆ. ಸೆನ್ಸರ್ ಹೊರತೆಗೆದು ಕರಗುತ್ತಿದ್ದ ಮಂಜುಗಡ್ಡೆಯಲ್ಲಿ ಅದ್ದಿದೆ. ಡಿಸ್‌ಪ್ಲೇ ಸೊನ್ನೆ ತೋರಿಸಿತು. ಸರಿಯಾಗಿಯೇ ಇತ್ತು. ಪ್ರಭುದೇಸಾಯಿ ನೀಲವ್ವನ ಕಡೆ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ.

ಆದರೆ ನನ್ನ ಮನಸ್ಸಿಗೆ ಒಂದು ಸಂಗತಿ ಚುಚ್ಚುತ್ತಿತ್ತು. ಸೆನ್ಸರ್ ಹೊರತೆಗೆಯುವ ಮೊದಲು, ಯಂತ್ರ ತಣ್ಣಗೆ ನಿಂತಿದ್ದಾಗ, ಡಿಸ್‌ಪ್ಲೇ ಇಪ್ಪತ್ತೊಂದು ತೋರಿಸುತ್ತಿತ್ತು. ಏಪ್ರಿಲ್ ಮಧ್ಯಾಹ್ನ, ತಗಡಿನ ಮಾಡು, ನನ್ನ ಸೀರೆಯ ಸೆರಗು ಬೆವರಿಗೆ ಒದ್ದೆ. ಅಲ್ಲಿ ಇಪ್ಪತ್ತೊಂದು ಡಿಗ್ರಿ ಎಲ್ಲಿಂದ ಬರಬೇಕು? ನನ್ನ ಪ್ರಮಾಣಿತ ಥರ್ಮಾಮೀಟರ್ ಮೂವತ್ತಮೂರು ಎನ್ನುತ್ತಿತ್ತು. ಸೊನ್ನೆಯಲ್ಲಿ ಸರಿ, ಮೂವತ್ತಮೂರರಲ್ಲಿ ಹನ್ನೆರಡು ಡಿಗ್ರಿ ತಪ್ಪು. ಕೆಟ್ಟ ಸೆನ್ಸರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಅವು ಕೆಡುವ ರೀತಿ ಇದಲ್ಲ.

ನೀಲವ್ವನಿಗೆ ಒಂದು ಕೊಡ ನಲ್ಲಿನೀರು ತರಲು ಹೇಳಿದೆ. ಮಂಜುಗಡ್ಡೆಯ ಬಕೆಟ್ಟಿಗೆ ಅವಳು ಸ್ವಲ್ಪ ಸ್ವಲ್ಪವೇ ನೀರು ಸುರಿದಳು, ನಾನು ಕಲಕುತ್ತ ಎರಡೂ ಅಂಕಿಗಳನ್ನು ನೋಡುತ್ತ ಹೋದೆ. ಏಳಕ್ಕೆ ಏಳು, ಎಂಟಕ್ಕೆ ಎಂಟು, ಒಂಬತ್ತಕ್ಕೆ ಒಂಬತ್ತು. ನನ್ನ ಥರ್ಮಾಮೀಟರ್ ಹತ್ತಕ್ಕೆ ಬಂದಾಗ ಡಿಸ್‌ಪ್ಲೇಯ ಬಲಗಡೆಯ ಅಂಕಿ ಆರಿಹೋಯಿತು. ಹನ್ನೊಂದು, ಹನ್ನೆರಡು, ಹದಿನೈದರ ತನಕವೂ ಅದು ಕತ್ತಲೆಯಲ್ಲೇ ಇತ್ತು. ಹದಿನಾರಕ್ಕೆ ಬಂದಕೂಡಲೇ ಮತ್ತೆ ಹೊತ್ತಿಕೊಂಡು ಹತ್ತು ಎಂದು ತೋರಿಸಿತು.

ನಾನು ಕಲಕುವುದನ್ನು ನಿಲ್ಲಿಸಿದೆ. ಹುಬ್ಬಳ್ಳಿಯ ತರಗತಿಯಲ್ಲಿ ಪುಟಗಟ್ಟಲೆ ಮಾಡಿದ ಲೆಕ್ಕಗಳು ನೆನಪಾದವು; ಒಂದು ಸಂಖ್ಯಾಪದ್ಧತಿಯಿಂದ ಇನ್ನೊಂದಕ್ಕೆ ಬದಲಾಯಿಸುವ ಲೆಕ್ಕಗಳು. ಇದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಗೆಳತಿಯರು ನಗುತ್ತಿದ್ದರು. ನನಗೆ ಮಾತ್ರ ಅವು ಬಹಳ ಹಿಡಿಸಿದ್ದವು.

ನಾವು ಎಣಿಸುವುದು ಹತ್ತರ ಪದ್ಧತಿಯಲ್ಲಿ. ಒಂಬತ್ತಾದ ಮೇಲೆ ಬಿಡಿ ಸ್ಥಾನ ಮುಗಿದು ಹತ್ತರ ಸ್ಥಾನಕ್ಕೆ ಹೋಗುತ್ತೇವೆ. ಕಂಪ್ಯೂಟರ್ ಎಣಿಸುವುದು ಸೊನ್ನೆ ಮತ್ತು ಒಂದು, ಎರಡೇ ಅಂಕಿಗಳ ಬೈನರಿ ಪದ್ಧತಿಯಲ್ಲಿ. ಆ ಸೊನ್ನೆ ಒಂದುಗಳನ್ನು ನಾಲ್ಕು ನಾಲ್ಕಾಗಿ ಗುಂಪು ಮಾಡಿದರೆ ಅದೇ ಹದಿನಾರರ ಪದ್ಧತಿಯಾಗುತ್ತದೆ, ಹೆಕ್ಸಾಡೆಸಿಮಲ್. ಅಲ್ಲಿ ಬಿಡಿ ಸ್ಥಾನ ಮುಗಿಯುವುದು ಹದಿನೈದಕ್ಕೆ. ಎರಡನೆಯ ಸ್ಥಾನದ ಬೆಲೆ ಹತ್ತಲ್ಲ, ಹದಿನಾರು. ಮೂವತ್ತಮೂರು ಎಂದರೆ ಅಲ್ಲಿ ಎರಡು ಹದಿನಾರುಗಳು, ಒಂದು ಬಿಡಿ; ಡಿಸ್‌ಪ್ಲೇಯಲ್ಲಿ ಅದೇ ಇಪ್ಪತ್ತೊಂದು. ಅಂಕಿಚಕ್ರವೂ ಡಿಸ್‌ಪ್ಲೇಯೂ ಮನುಷ್ಯರಿಗಾಗಿ ಮಾಡಿದವು, ಹತ್ತರ ಪದ್ಧತಿಯವು. ಒಂದೇ ಸ್ಥಾನದಲ್ಲಿ ಹತ್ತರಿಂದ ಹದಿನೈದನ್ನು ತೋರಿಸಲು ಡಿಸ್‌ಪ್ಲೇಗೆ ಬಾರದು, ಅದಕ್ಕೇ ಆ ಅಂಕಿ ಆರಿದ್ದು. ಒಳಗಿನ ನಿಯಂತ್ರಕ ಹದಿನಾರರದ್ದು. ನಡುವೆ ಬದಲಾವಣೆಯ ಒಂದು ಆದೇಶವನ್ನು ಪ್ರೋಗ್ರಾಮಿನಲ್ಲಿ ಬರೆಯಬೇಕು. ಅದು ಬಿಟ್ಟುಹೋಗಿತ್ತು. ಒಂದು ಕಡೆ ಅಲ್ಲ, ಎರಡೂ ಕಡೆ.

ಅದರ ಪರಿಣಾಮ ನೋಡಿ. ನೀಲವ್ವ ಚಕ್ರದಲ್ಲಿ ಎಪ್ಪತ್ತು ಇಡುತ್ತಾಳೆ. ನಿಯಂತ್ರಕ ಅದನ್ನು ಏಳು ಹತ್ತುಗಳ ಬದಲು ಏಳು ಹದಿನಾರುಗಳು ಎಂದು ಓದುತ್ತದೆ, ಅಂದರೆ ನೂರ ಹನ್ನೆರಡು. ನೂರ ಹನ್ನೆರಡು ಡಿಗ್ರಿಗೆ ಗಾಳಿ ಕಾಯಿಸುತ್ತದೆ. ಆ ನೂರ ಹನ್ನೆರಡನ್ನು ಡಿಸ್‌ಪ್ಲೇಗೆ ಕಳಿಸುವಾಗ ಮತ್ತೆ ಏಳು ಮತ್ತು ಸೊನ್ನೆಯಾಗಿಯೇ ಕಳಿಸುತ್ತದೆ. ಡಿಸ್‌ಪ್ಲೇ ಎಪ್ಪತ್ತು ಎನ್ನುತ್ತದೆ. ಇಟ್ಟದ್ದೂ ಎಪ್ಪತ್ತು, ತೋರಿದ್ದೂ ಎಪ್ಪತ್ತು. ಒಳಗೆ ಬೀಜ ಸುಡುತ್ತಿತ್ತು. ಸೊನ್ನೆಯಿಂದ ಒಂಬತ್ತರವರೆಗೆ ಎರಡೂ ಪದ್ಧತಿ ಒಂದೇ ಆದ್ದರಿಂದ ಮಂಜುಗಡ್ಡೆಯ ಪರೀಕ್ಷೆಯಲ್ಲಿ ಯಾರಿಗೂ ಏನೂ ಸಿಗಲಿಲ್ಲ.

ಇದನ್ನೆಲ್ಲ ಪ್ರಭುದೇಸಾಯಿಯವರಿಗೆ ಹೇಳಿದೆ. ಅವರು ಸಜ್ಜನರೇ, ಆದರೆ ವ್ಯಾಪಾರಿ. ಬಾಯಿಮಾತಿನ ಮೇಲೆ ಹೊಸ ಯಂತ್ರವನ್ನು ತಪ್ಪೆನ್ನಲು ತಯಾರಿರಲಿಲ್ಲ. ಸಾವಂತನಿಗೆ ಫೋನ್ ಮಾಡಿ ಕರೆಸಿದರು. ಅವನು ಮಡಗಾಂವಿನಲ್ಲೇ ಇದ್ದದ್ದರಿಂದ ಬೇಗ ಬಂದ. ನಾನು ಹೇಳಿದ್ದನ್ನು ಕೇಳಿ, ಹಾಗಿದ್ದರೆ ಡಿಸ್‌ಪ್ಲೇಗೂ ಚಕ್ರಕ್ಕೂ ತಾಳೆಯಾಗುತ್ತಿರಲಿಲ್ಲ, ಅಂಕಿ ಆರುವುದು ಸಡಿಲ ಕನೆಕ್ಷನ್ನಿನಿಂದ ಇರಬೇಕು ಎಂದ.

ಆಗ ನಾನು ಸೆನ್ಸರನ್ನು ಯಂತ್ರದೊಳಗೆ ಮರಳಿ ಕೂಡಿಸಿ, ಅದರ ಪಕ್ಕದಲ್ಲೇ ನನ್ನ ಥರ್ಮಾಮೀಟರಿನ ಕಡ್ಡಿಯನ್ನೂ ಇಟ್ಟು, ಬಾಗಿಲು ಮುಚ್ಚಿಸಿದೆ. ನೀಲವ್ವನಿಂದಲೇ ಚಕ್ರ ತಿರುಗಿಸಿ ಐವತ್ತು ಇಡಿಸಿದೆ. ವೈರಿನ ಈಚೆ ತುದಿಯಲ್ಲಿದ್ದ ನನ್ನ ಥರ್ಮಾಮೀಟರಿನ ಅಂಕಿ ತೋರಿಸುವ ಮುಖವನ್ನು ಪ್ರಭುದೇಸಾಯಿಯವರ ಕೈಗೇ ಕೊಟ್ಟೆ.

“ಪ್ಯಾನೆಲ್ ಐವತ್ತು ತೋರಿಸಿ ನಿಲ್ಲುತ್ತದೆ. ಆಗ ನಿಮ್ಮ ಕೈಯಲ್ಲಿ ಎಂಬತ್ತು ಇರುತ್ತದೆ,” ಎಂದು ಹಿಂದಿಯಲ್ಲಿ ಹೇಳಿದೆ. “ಇಲ್ಲದಿದ್ದರೆ ನಿಮಗೆ ಬೇಕಾದ ಪ್ರಮಾಣಪತ್ರಕ್ಕೆ ಈಗಲೇ ಸಹಿ ಹಾಕುತ್ತೇನೆ.”

ಲೆಕ್ಕ ನನಗೆ ಗೊತ್ತಿತ್ತು, ಆದರೆ ಎದುರಿಗೆ ನಿಂತ ಹೆಂಗಸಿನ ಮನೆಯನ್ನೂ ಆ ಒಂದು ಮಾತಿಗೆ ಕಟ್ಟಿಬಿಟ್ಟಿದ್ದೆ. ಸಿಪ್ಪೆ ಸುಲಿಯುವ ಹೆಂಗಸರು ಕೆಲಸ ಬಿಟ್ಟು ಬಾಗಿಲಲ್ಲಿ ಸೇರಿದ್ದರು. ಪ್ಯಾನೆಲ್ಲಿನ ಅಂಕಿ ಆರುತ್ತ ಹೊತ್ತುತ್ತ ಏರಿತು, ಕೊನೆಗೆ ಐವತ್ತಕ್ಕೆ ಬಂದು ನಿಂತಿತು. ಹೀಟರನ್ನು ಹಚ್ಚಿ ಆರಿಸುವ ರಿಲೇ ಟಕ್ಕೆಂದು ಬಿಟ್ಟಿತು. ಪ್ರಭುದೇಸಾಯಿ ಕನ್ನಡಕ ಹಣೆಗೇರಿಸಿ ಕೈಯಲ್ಲಿದ್ದುದನ್ನು ನೋಡಿದರು, ಸಾವಂತನ ಮುಂದೆ ಹಿಡಿದರು. ಎಂಬತ್ತಿತ್ತು.

ಸಾವಂತನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅವನು ವಾದಿಸಲಿಲ್ಲ. ಅಂಗಿಯ ತೋಳು ಮಡಚಿ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಮ್ ನೋಡಿದ, ತಪ್ಪು ತನ್ನದೇ ಎಂದು ಮಾಲೀಕರಿಗೂ, ಕೊನೆಗೆ ನೀಲವ್ವನಿಗೂ ಹೇಳಿದ. ಆದರೆ ತಿದ್ದಿದ ಪ್ರೋಗ್ರಾಮನ್ನು ತುಂಬಲು ಬೇಕಾದ ಕೇಬಲ್ ಅವನ ಬಳಿ ಇರಲಿಲ್ಲ, ತರಿಸಲು ಮರುದಿನವಾಗುತ್ತಿತ್ತು. ಚಿಪ್ಪು ಒಡೆದ ಬೀಜ ಮಾತ್ರ ತಟ್ಟೆಗಳಲ್ಲಿ ಕಾಯುತ್ತಿತ್ತು, ಹಾಗೇ ಬಿಟ್ಟರೆ ತೇವಕ್ಕೆ ಬೂಸು ಹಿಡಿಯುವಂಥದ್ದು.

ನಾನು ಮನಸ್ಸಿನಲ್ಲೇ ಎಪ್ಪತ್ತನ್ನು ಹದಿನಾರರಿಂದ ಭಾಗಿಸಿದೆ. ನಾಲ್ಕು ಸಲ, ಉಳಿದದ್ದು ಆರು. ನೀಲವ್ವನಿಗೆ ಚಕ್ರದಲ್ಲಿ ನಲವತ್ತಾರು ಇಡಲು ಹೇಳಿದೆ.

“ನಲವತ್ತಾರಕ್ಕ ಬೀಜ ಹಸೀನ ಉಳೀತಾವಲ್ರಿ ಅಕ್ಕಾರ,” ಎಂದಳು.

“ಇವತ್ತೊಂದಿನ ಈ ಮಷೀನಿನ ನಲವತ್ತಾರು ನಮ್ಮ ಎಪ್ಪತ್ತು. ಥರ್ಮಾಮೀಟರ್ ನಿಮ್ಮ ಕೈಯಾಗ ಕೊಡ್ತೀನಿ, ನೀವs ನೋಡ್ಕೊಳ್ರಿ.”

ಅವಳು ನೋಡಿಕೊಂಡಳು. ಥರ್ಮಾಮೀಟರ್ ಎಪ್ಪತ್ತಕ್ಕೆ ನಿಂತಾಗ ಮೊದಲ ಸಲ ಅವಳ ಮುಖ ಸಡಿಲವಾಯಿತು. ಕೊನೆಯ ಬಸ್ಸಿಗೆ ಹೊರಡಬೇಕಾಗಿದ್ದ ನಾನು ಲ್ಯಾಬಿಗೆ ಫೋನ್ ಮಾಡಿ, ಒಣಗುವ ತನಕ ಅಲ್ಲೇ ಉಳಿದೆ. ಅವಳ ಖೋಲಿಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡೆ. ತಟ್ಟೆ ಹೊರತೆಗೆದಾಗ ಅವಳು ಒಂದು ಬೀಜ ಹಿಡಿದು ಹೆಬ್ಬೆರಳಿನಿಂದ ಉಜ್ಜಿದಳು. ಸಿಪ್ಪೆ ಬಿಟ್ಟಿತು. ಬೀಜ ಹಾಲಿನ ಬಣ್ಣದಲ್ಲಿತ್ತು. ಪ್ರಭುದೇಸಾಯಿ ಎಲ್ಲರೆದುರಿಗೆ ಅವಳಿಗೆ ಕೊಂಕಣಿಯಲ್ಲಿ ಹೇಳಿದ್ದು ಇಷ್ಟೇ: ಕೋಣೆ ನಿನ್ನದೇ, ನಾನು ನಿನ್ನ ಮಾತು ಕೇಳಬೇಕಿತ್ತು. ನೀಲವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮುಂದಿನ ತಟ್ಟೆ ತುಂಬಲು ಹೋದಳು.

ಮರುದಿನ ಸಾವಂತ ಪ್ರೋಗ್ರಾಮ್ ತಿದ್ದಿದ. ಆಮೇಲೆ ಅವನು ಮಾಡಿದ ಪ್ಯಾನೆಲ್‌ಗಳು ಗಿರಾಕಿಗೆ ಹೋಗುವ ಮೊದಲು ನಮ್ಮ ಲ್ಯಾಬಿಗೆ ಬರತೊಡಗಿದವು, ನಾನೇ ನೋಡಬೇಕೆಂಬ ಒತ್ತಾಯದೊಂದಿಗೆ.

ಆ ವೃತ್ತಿಯಲ್ಲಿ ಇನ್ನೂ ಬಹಳ ವರ್ಷ ಇದ್ದೆ, ದೊಡ್ಡ ಕಾರ್ಖಾನೆಗಳ ದೊಡ್ಡ ಯಂತ್ರಗಳನ್ನೂ ಪರೀಕ್ಷಿಸಿದೆ. ಹೊಸಬರಿಗೆ ಕಲಿಸುವಾಗ ನಾನು ಮೊದಲು ಹೇಳುತ್ತಿದ್ದದ್ದು, ಸೊನ್ನೆಯಲ್ಲಿ ಪರೀಕ್ಷಿಸಿ ಎದ್ದು ಬರಬೇಡಿ, ಯಂತ್ರ ದುಡಿಯುವ ಅಂಕಿಯಲ್ಲೇ ಪರೀಕ್ಷಿಸಿ ಎಂದು. ಎರಡು ಅಂಕಿಗಳು ಹೊಂದಿಕೊಂಡ ಮಾತ್ರಕ್ಕೆ ಎರಡೂ ಸರಿಯೆಂದಾಗುವುದಿಲ್ಲ. ಒಂದೇ ತಪ್ಪು ಎರಡು ಕಡೆ ಕುಳಿತಿರಬಹುದು. ಒಂದು ಅಂಕಿಯನ್ನು ನಂಬಿ ಒಬ್ಬರ ಮೇಲೆ ತಪ್ಪು ಹೊರಿಸುವ ಮೊದಲು, ಆ ಅಂಕಿ ಯಾವ ಪದ್ಧತಿಯದು ಎಂದು ಯಾರಾದರೂ ಕೇಳಬೇಕು. ಕೆಪೆಯ ಆ ತಗಡಿನ ಮಾಡಿನ ಕೆಳಗೆ ಅದನ್ನು ಕೇಳಿದವಳು ನಾನು.