ಥಳಥಳಮ್ಮ ಕೆಳಮನೆಗೆ ಬಂದದ್ದು

ನನ್ನ ಓರಗಿತ್ತಿಗೆ ಥಳಥಳಮ್ಮ ಎಂದು ಹೆಸರು ಬಿದ್ದದ್ದು ಅವಳು ಕೆಲಸ ಮಾಡುತ್ತಿದ್ದ ವಸತಿಗೃಹದಲ್ಲಿ. ಇಪ್ಪತ್ತಾರು ವರ್ಷ ಅಲ್ಲಿ ಬಾಗಿಲ ಹಿಡಿ, ನಲ್ಲಿ, ಮೆಟ್ಟಿಲ ಕಂಬಿ ಉಜ್ಜಿದಳು. ಉಳಿದವರು ನಲ್ಲಿಯನ್ನು ಮೇಲೆ ಮೇಲೆ ಒರೆಸಿದರೆ ಇವಳು ಹಿತ್ತಾಳೆಯ ಭಾಗಗಳನ್ನೆಲ್ಲ ಬಿಚ್ಚಿ, ಹಿಂದೆ ಮುಂದೆ ಉಜ್ಜಿ, ಮತ್ತೆ ಜೋಡಿಸುತ್ತಿದ್ದಳು. ನನ್ನವರು ಅಣ್ಣ, ಅವಳ ಗಂಡ ತಮ್ಮ. ಹಾಗಾಗಿ ನಾನು ಅವಳಿಗೆ ಅಕ್ಕ, ಅವಳು ನನಗೆ ತಂಗಿ. ನನ್ನವರು ತೀರಿಹೋಗಿ ಒಂದು ತಿಂಗಳಿಗೆ ಅವಳೇ ಬಂದು ನನ್ನ ಪೆಟ್ಟಿಗೆ ಎತ್ತಿಕೊಂಡು, ಎರಡು ಒಲೆ ಯಾಕೆ ಉರಿಸಬೇಕು ಎಂದಳು. ಅದಾಗಿ ಹನ್ನೊಂದು ವರ್ಷ. ಅವಳು ಎಂಥವಳು ಎಂದು ಯಾರಾದರೂ ಕೇಳಿದರೆ ನಾನು, ನಾವು ಮನೆ ಬದಲಾಯಿಸಿದ ಆ ಒಂದು ದಿನವನ್ನು ಹೇಳುತ್ತೇನೆ.

ನನ್ನ ಮೈದುನ ಕಲ್ಲು ಕೊರೆಯುವ ಕೆಲಸ ಮಾಡಿದವನು. ಕಲ್ಲಿನ ಪುಡಿ ಎದೆಯಲ್ಲಿ ಕೂತು, ಈಗ ಅವನಿಗೆ ಉಸಿರಾಡಲು ಯಂತ್ರ ಬೇಕು. ಮೊಣಕಾಲೆತ್ತರದ ಡಬ್ಬಿ, ಅದರಿಂದ ಸಣ್ಣ ಕೊಳವೆ ಮೂಗಿಗೆ ಬರುತ್ತದೆ. ಕೊಳವೆ ತೆಗೆದು ಹತ್ತು ನಿಮಿಷವಾದರೆ ತುಟಿ ನೀಲಿಯಾಗುತ್ತದೆ. ಯಂತ್ರ ಕರೆಂಟಿನಲ್ಲಿ ಓಡುತ್ತದೆ. ಕರೆಂಟು ಇಲ್ಲದಿದ್ದರೆ ಬ್ಯಾಟರಿಯಲ್ಲಿ ಮೂರು ಗಂಟೆ. ಬ್ಯಾಟರಿಯ ಮೇಲೆ ನಾಲ್ಕು ಹಸಿರು ದೀಪಗಳಿವೆ. ಮುಕ್ಕಾಲು ಗಂಟೆಗೆ ಒಂದರಂತೆ ಆರುತ್ತವೆ. ಅಂಕಿ ಓದಲು ತಡವರಿಸುವ ನನಗೂ ದೀಪ ಎಣಿಸಲು ಬರುತ್ತದೆ. ಹಾಗಾಗಿ ಆ ದಿನ ಬ್ಯಾಟರಿ ನೋಡಿಕೊಳ್ಳುವ ಕೆಲಸ ನನ್ನದು.

ನಾವಿದ್ದದ್ದು ನಾಲ್ಕನೇ ಮಹಡಿ. ಇನ್ನು ಮೆಟ್ಟಿಲು ಬೇಡ ಎಂದು ಡಾಕ್ಟರು ಹೇಳಿದ ಮೇಲೆ ತಂಗಿ ಊರೆಲ್ಲ ಅಲೆದು ಒಂದು ಕೆಳಮನೆ ಹುಡುಕಿದಳು. ಮನೆ ಸಿಕ್ಕಿತು, ಗ್ಯಾಸು ಕರೆಂಟು ಸಿಗಲಿಲ್ಲ. ಹಿಂದೆ ಇದ್ದವರು ಎರಡನ್ನೂ ನಿಲ್ಲಿಸಿ ಹೋಗಿದ್ದರು. ಕರೆಂಟಿನ ಕಚೇರಿಯವರು ಗ್ಯಾಸಿನವರ ಕಾಗದ ಮೊದಲು ತನ್ನಿ ಎಂದರು, ಗ್ಯಾಸಿನವರು ಕರೆಂಟಿನವರ ಕಾಗದ ಮೊದಲು ತನ್ನಿ ಎಂದರು. ನಾಲ್ಕು ಸಲ ಅಲ್ಲಿಂದ ಇಲ್ಲಿಗೆ ಓಡಾಡಿದವಳು ಐದನೇ ಸಲ ಗ್ಯಾಸ್ ಕಚೇರಿಯ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕೂತುಬಿಟ್ಟಳು. ನೀವಿಬ್ಬರೂ ಒಂದೇ ದಿನ ನಮ್ಮನೆಗೆ ಬನ್ನಿ, ಯಾರ ಕಾಗದ ಮೊದಲು ಅಂತ ಅಲ್ಲೇ ಮಾತಾಡಿಕೊಳ್ಳಿ ಎಂದಳಂತೆ. ಗುಮಾಸ್ತರು ನಕ್ಕು ದಿನ ಬರೆದುಕೊಟ್ಟರು. ಅದೇ ದಿನ ಬೆಳಗ್ಗೆ ಒಂಬತ್ತಕ್ಕೆ ಹಳೇ ಮನೆಯ ಕರೆಂಟು ನಿಲ್ಲುವಂತೆಯೂ ಅವಳೇ ಅರ್ಜಿ ಕೊಟ್ಟಳು. ಒಂದು ದಿನ ಬಿಟ್ಟು ನಿಲ್ಲಿಸಬಾರದೇ ಎಂದು ನಾನು ಕೇಳಿದ್ದೆ. ಬಿಟ್ಟು ಬಂದ ಮನೆಯಲ್ಲಿ ನಮ್ಮ ಹೆಸರು ಯಾಕೆ ನೇತಾಡಬೇಕು ಎಂದಳು.

ಒಂಬತ್ತಕ್ಕೆ ಸರಿಯಾಗಿ ಹಳೇ ಮನೆಯ ಕರೆಂಟು ಹೋಯಿತು. ನಾಲ್ಕು ದೀಪ. ಇಬ್ಬರು ಹಮಾಲರು ಮೈದುನನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಮಹಡಿ ಇಳಿಸಿದರು. ಯಂತ್ರ ನನ್ನ ಕೈಯಲ್ಲಿತ್ತು. ವ್ಯಾನು ಹೊಸ ಮನೆಯ ಮುಂದೆ ನಿಂತಾಗ ಮೂರು ದೀಪ.

ತಂಗಿ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತಿದ್ದಳು, ಆದರೆ ನಮ್ಮನ್ನು ನೋಡಿ ನಗಲಿಲ್ಲ. ಇಳಿಸಬೇಡಿ ಎಂದು ಅಂಗೈ ತೋರಿಸಿದಳು. ಗ್ಯಾಸಿನವನು ಬಂದು ಪೈಪಿಗೆ ಗ್ಯಾಸು ಬಿಟ್ಟಿದ್ದ, ಮನೆಯೆಲ್ಲ ವಾಸನೆ ಎದ್ದಿತ್ತು. ಕೂಡಲೇ ಮನೆ ಹೊರಗಿನ ಗ್ಯಾಸಿನ ವಾಲ್ವು ಮುಚ್ಚಿ ಕಿಟಕಿಗಳನ್ನೆಲ್ಲ ತೆಗೆಸಿದ್ದ. ಲೈನ್‌ಮ್ಯಾನ್ ಅಷ್ಟರಲ್ಲಿ ನಮ್ಮ ತಂತಿ ಎಳೆಯಲೆಂದು ಕಂಬದಲ್ಲಿ ಇಡೀ ಗಲ್ಲಿಯ, ಅಕ್ಕಪಕ್ಕದ ಗಲ್ಲಿಗಳ ಕರೆಂಟನ್ನೂ ತೆಗೆದಿದ್ದ. ಸೋರುವ ಜಾಗ ಸಿಕ್ಕಿ, ಮುಚ್ಚಿ, ಗ್ಯಾಸಿನವನು ಸಹಿ ಹಾಕುವವರೆಗೆ ನಮ್ಮ ಮನೆಗೂ ಕರೆಂಟಿಲ್ಲ, ಗಲ್ಲಿಗೂ ಇಲ್ಲ ಎಂದ ಲೈನ್‌ಮ್ಯಾನ್. ಒಂದು ಕಿಡಿ ಸಾಕು ಎಂದ. ಹಾಗಾಗಿ ಪಕ್ಕದ ಮನೆಗೆ ಒಯ್ದು ಯಂತ್ರ ಹಚ್ಚೋಣ ಎನ್ನುವಂತೆಯೂ ಇರಲಿಲ್ಲ.

ಎದುರಿಗೆ ಕ್ಷೌರದಂಗಡಿ. ಯಂತ್ರದ ಕತ್ತರಿ ನಿಂತುಹೋಗಿ ಒಬ್ಬ ಗಿರಾಕಿ ಅರ್ಧ ತಲೆಯಲ್ಲಿ, ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಹೊರಗೆ ಬಂದು ನಿಂತಿದ್ದ.

"ಹೊಸ ಮನೆಯೋರೇ, ಇವ್ರ ಎಡಗಡೆ ಮುಗಿದಿದೆ. ಬಲಗಡೆ ನಿಮ್ಮ ಕೈಯಲ್ಲಿದೆ ನೋಡಿ," ಎಂದ ಕ್ಷೌರಿಕ.

ತಂಗಿ ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದಳು. ಆ ದಿನ ಅವನ ಕಡೆ ತಿರುಗಲೂ ಇಲ್ಲ. ವ್ಯಾನಿನವನನ್ನು ಕರೆದು ಆಸ್ಪತ್ರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದಳು. ಈ ಹೊತ್ತಿನ ಗದ್ದಲದಲ್ಲಿ ಐವತ್ತು ನಿಮಿಷ ಎಂದ. ಬ್ಯಾಟರಿ ಮುಗಿಯುವುದು ಹನ್ನೆರಡಕ್ಕೆ. ಹಾಗಾದರೆ ಹನ್ನೊಂದು ಹತ್ತಕ್ಕೆ ವ್ಯಾನು ಹೊರಡಲೇಬೇಕು. ಆಮೇಲೆ ಹೊರಟು ಪ್ರಯೋಜನವಿಲ್ಲ.

ಗ್ಯಾಸಿನವನು ಅಡುಗೆಮನೆಯಲ್ಲಿ ಕೂತು ಒಂದೊಂದು ಜೋಡಣೆಗೂ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿದ. ಹೊರಗಿನ ವಾಲ್ವನ್ನು ಎಳೆಯಷ್ಟು ತೆಗೆಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿದ, ಮುಚ್ಚಿಸಿದ. ಒಲೆಯ ಹತ್ತಿರ ಇಲ್ಲ. ಮೀಟರಿನ ಹತ್ತಿರ ಇಲ್ಲ. ಗೋಡೆಯೊಳಗೆ ಹೋಗುವ ಕಡೆ ಇಲ್ಲ. ವಾಸನೆ ಮಾತ್ರ ಇತ್ತು. ಹತ್ತೂವರೆಗೆ ಎರಡೇ ದೀಪ ಉಳಿದವು. ಎಷ್ಟಿದೆ ಅತ್ತಿಗೆ ಎಂದು ಮೈದುನ ಕೇಳಿದ. ಎರಡು ಎಂದೆ. ಅವನಿಗೆ ನಾನು ಸುಳ್ಳು ಹೇಳಿದವಳಲ್ಲ.

ಹನ್ನೊಂದು ಹೊಡೆಯುವ ಹೊತ್ತಿಗೆ ಗ್ಯಾಸಿನವನು ಬೆವರು ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದ. ಒಲೆ ಬಿಟ್ಟು ಬೇರೆ ಎಲ್ಲಾದರೂ ಪೈಪು ಮುಟ್ಟಿದ್ದೀರಾ ಎಂದು ತಂಗಿಯನ್ನು ಕೇಳಿದ. ನಾನು ಯಾಕೆ ಮುಟ್ಟಲಿ ಎಂದಳು. ಯಾರಾದರೂ ಏನಾದರೂ ಬಿಚ್ಚಿದ್ದಾರಾ ಎಂದ. ಯಾರೂ ಬಂದಿಲ್ಲ, ನಿನ್ನೆ ನಾನೊಬ್ಬಳೇ ಬಂದು ಮನೆ ತೊಳೆದು ಹೋದೆ ಎಂದಳು. ಹಾಗೆಂದವಳೇ ತನ್ನ ಬಲಗೈ ಎತ್ತಿ ಉಗುರು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಿತ್ತಾಳೆಯ ಕರಿ ಇನ್ನೂ ಇತ್ತು.

"ಮಲಗೋ ಕೋಣೇಲಿ, ಗೋಡೆ ಬುಡದಲ್ಲಿ ಒಂದು ಹಿತ್ತಾಳೆ ಮುಚ್ಚಳ ಇತ್ತು. ಕರ್ರಗಾಗಿತ್ತು," ಎಂದಳು.

"ಬಿಚ್ಚಿದ್ರಾ?"

"ಉಜ್ಜೋಕೆ ಬಿಚ್ಚಿದೆ. ಉಜ್ಜಿ ಹಾಕಿದೆ."

"ಇಕ್ಕಳದಲ್ಲಿ ಬಿಗಿ ಮಾಡಿದ್ರಾ?"

"ಬಿಚ್ಚುವಾಗ ಬಟ್ಟೆ ಸುತ್ತಿ ಇಕ್ಕಳ ಹಾಕಿದ್ದೆ. ಹಾಕುವಾಗ ಕೈಯಲ್ಲೇ ತಿರುಗಿಸಿದೆ. ಇಕ್ಕಳ ಹಾಕಿದ್ರೆ ಹೊಳಪಿಗೆ ಗೀರು ಬೀಳುತ್ತೆ."

ಹಿಂದೆ ಯಾವಾಗಲೋ ಆ ಕೋಣೆಯಲ್ಲಿ ಗ್ಯಾಸಿನ ಒಲೆಯಿಟ್ಟು ಚಳಿ ಕಾಯಿಸಿಕೊಳ್ಳುತ್ತಿದ್ದರಂತೆ. ಅದನ್ನು ತೆಗೆದ ಮೇಲೆ ಪೈಪಿನ ಬಾಯಿಗೆ ಹಾಕಿದ ಮುಚ್ಚಳ ಅದು. ಅವಳು ಅದನ್ನು ಹಳೇ ನೀರಿನ ಕೊಳವೆ ಎಂದುಕೊಂಡಿದ್ದಳು. ಹಿಂದಿನ ದಿನ ಗ್ಯಾಸು ಬಂದಿರಲಿಲ್ಲವಾದ್ದರಿಂದ ಬಿಚ್ಚಿದಾಗ ವಾಸನೆಯೂ ಬಂದಿರಲಿಲ್ಲ. ಆ ದಿನ ಮುಂಜಾನೆ ಹಮಾಲರು ಮಂಚ ತಂದು ಅದರ ಮುಂದೆ ಇಟ್ಟಿದ್ದರು, ಹಾಗಾಗಿ ಗ್ಯಾಸಿನವನ ಕಣ್ಣಿಗೆ ಬೀಳಲಿಲ್ಲ. ಮೈದುನ ಮಲಗಬೇಕಾದ ಮಂಚ.

ಗ್ಯಾಸಿನವನು ಓಡಿದ. ಮಂಚ ಎಳೆದ ಸದ್ದು ಕೇಳಿತು. ಸೋರದಂತೆ ಬಿಳಿ ಪಟ್ಟಿ ಸುತ್ತಿ ಮುಚ್ಚಳ ಬಿಗಿ ಮಾಡಿ, ವಾಲ್ವು ತೆಗೆದು ಬಂದು, ಇನ್ನು ಗಾಳಿಯಾಡಬೇಕು, ಅರ್ಧ ಗಂಟೆಯಾದ ಮೇಲೆ ಪರೀಕ್ಷೆ ಮಾಡುತ್ತೇನೆ ಎಂದ. ಅಷ್ಟು ಹೊತ್ತಿಗೆ ವ್ಯಾನಿನವನು ಗಾಡಿ ಚಾಲೂ ಮಾಡಿದ್ದ. ಹನ್ನೊಂದು ಗಂಟೆ ಎಂಟು ನಿಮಿಷ.

ಸೋರಿದ್ದು ಅದೊಂದೇ ಜಾಗವೇ ಎಂದು ತಂಗಿ ಕೇಳಿದಳು. ಅನಿಸುತ್ತದೆ, ಪರೀಕ್ಷೆ ಮುಗಿಯದೆ ಹೇಳಲಾರೆ ಎಂದ ಅವನು. ಒಳ್ಳೆಯವನು, ಹುಸಿ ಧೈರ್ಯ ಕೊಡಲಿಲ್ಲ. ಇಲ್ಲೇ ಕಾದರೆ, ಇನ್ನೊಂದು ಕಡೆ ಸೋರುತ್ತಿದ್ದರೆ, ಆಮೇಲೆ ಆಸ್ಪತ್ರೆ ಮುಟ್ಟುವುದಿಲ್ಲ. ಈಗ ಹೊರಟರೆ ದಾರಿಯಲ್ಲಿ ಗಾಡಿ ನಿಂತರೂ ಅದೇ ಗತಿ. ಅವಳು ವ್ಯಾನಿನ ಬಾಗಿಲಿಗೆ ಬಂದಳು. ಮೈದುನ ಎಲ್ಲ ಕೇಳಿಸಿಕೊಂಡಿದ್ದ.

"ಬೇರೆ ಏನಾದ್ರೂ ಉಜ್ಜಿದ್ಯಾ?" ಎಂದ. ಎರಡೆರಡು ಮಾತಿಗೆ ಉಸಿರು ತೆಗೆದುಕೊಳ್ಳುತ್ತಿದ್ದ.

ಅವಳು ಕಣ್ಣು ಮುಚ್ಚಿ ಮನೆಯನ್ನೆಲ್ಲ ಒಮ್ಮೆ ಸುತ್ತಿ ಬಂದ ಹಾಗೆ ನಿಂತಳು. ಬಾಗಿಲ ಹಿಡಿ ಎರಡು, ಚಿಲಕ ಮೂರು, ಬಚ್ಚಲ ನಲ್ಲಿ ಒಂದು ಎಂದು ಬೆರಳು ಮಡಿಸಿದಳು.

"ಗ್ಯಾಸಿನ ಪೈಪಲ್ಲಿ ಅದೊಂದೇ," ಎಂದಳು.

"ಹಂಗಾದ್ರೆ ಇಲ್ಲೇ ಇರೋಣ. ಇವಳ ಲೆಕ್ಕ ತಪ್ಪಲ್ಲ, ಅತ್ತಿಗೆ. ಗಾಡಿ ಆರಿಸೋಕೆ ಹೇಳಿ."

ಹೇಳಿದೆ. ಹನ್ನೊಂದೂ ಕಾಲಿಗೆ ಮೂರನೆಯದೂ ಆರಿ ಒಂದೇ ದೀಪ ಉಳಿಯಿತು. ಅರ್ಧ ತಲೆಯ ಗಿರಾಕಿ ತಾನಾಗಿಯೇ ಬಂದು ವ್ಯಾನಿನ ಬಿಸಿಲು ಬೀಳುವ ಕಡೆ ತನ್ನ ಕೊರಳ ಬಟ್ಟೆ ಬಿಚ್ಚಿ ಅಡ್ಡ ಹಿಡಿದ. ಲೈನ್‌ಮ್ಯಾನ್ ಏಣಿಯ ಮೊದಲ ಮೆಟ್ಟಿಲಲ್ಲಿ ಒಂದು ಕಾಲಿಟ್ಟು ನಿಂತಿದ್ದ. ಹನ್ನೊಂದು ಮೂವತ್ತೆಂಟಕ್ಕೆ ಗ್ಯಾಸಿನವನು ಗಾಳಿಯಲ್ಲಿ ಗ್ಯಾಸು ಅಳೆಯುವ, ಕೈಯಲ್ಲಿ ಹಿಡಿಯುವ ಉಪಕರಣ ತೆಗೆದುಕೊಂಡು ಒಳಗೆ ಹೋಗಿ, ಮಲಗುವ ಕೋಣೆಯಲ್ಲಿ ಇನ್ನೂ ಸ್ವಲ್ಪ ತೋರಿಸುತ್ತಿದೆ ಎನ್ನುತ್ತ ಹೊರಗೆ ಬಂದ. ಹಳೆಯದು ಉಳಿದದ್ದೋ, ಹೊಸದು ಬರುತ್ತಿದೆಯೋ ಗೊತ್ತಿಲ್ಲ, ಇನ್ನು ಹತ್ತು ನಿಮಿಷ ಎಂದ. ತಂಗಿ ಒಳಗೆ ಹೋಗಿ ಹಾಸಿಗೆಯ ಹೊದಿಕೆ ಹಿಡಿದು ಕಿಟಕಿಯ ಕಡೆಗೆ ಗಾಳಿ ಬೀಸತೊಡಗಿದಳು. ಗ್ಯಾಸಿನವನೂ ಇನ್ನೊಂದು ತುದಿ ಹಿಡಿದ.

ಹನ್ನೊಂದು ನಲವತ್ತೊಂಬತ್ತಕ್ಕೆ ಯಂತ್ರ ಕೂಗತೊಡಗಿತು. ಉಳಿದ ಒಂದು ದೀಪ ಕೆಂಪಾಗಿ ಮಿಟುಕಿತು. ಮೈದುನ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡ. ಅದೇ ಹೊತ್ತಿಗೆ ಗ್ಯಾಸಿನವನು ಹೊರಗೆ ಬಂದು, ಕಾಗದವನ್ನು ಗೋಡೆಗೆ ಒತ್ತಿ ಸಹಿ ಹಾಕಿ ಮೇಲೆತ್ತಿ ತೋರಿಸಿದ. ಲೈನ್‌ಮ್ಯಾನ್ ಕಾಗದ ಓದಲು ಇಳಿಯಲಿಲ್ಲ, ಏಣಿ ಹತ್ತಿದ. ನಾವು ಕುರ್ಚಿಯನ್ನು ಒಳಗೆ ಎತ್ತಿಕೊಂಡು ಹೋದೆವು, ಒಂದು ಕಾಲನ್ನು ಕ್ಷೌರಿಕ ಹಿಡಿದಿದ್ದ. ತಂಗಿ ಯಂತ್ರದ ತಂತಿ ಗೋಡೆಗೆ ಚುಚ್ಚಿ ಅಲ್ಲೇ ಮಂಡಿಯೂರಿದಳು. ಯಂತ್ರ ಕೂಗುತ್ತಲೇ ಇತ್ತು. ಕೂಗಿತು, ಕೂಗಿತು, ಆಮೇಲೆ ನಿಂತು ಗುರ್ರ್ ಎಂದು ಓಡತೊಡಗಿತು. ಹನ್ನೊಂದು ಐವತ್ತೈದು.

ಎದುರು ಅಂಗಡಿಯಲ್ಲಿ ಕತ್ತರಿ ಯಂತ್ರದ ಸದ್ದೂ ಎದ್ದಿತು.

ಸಂಜೆಯೊಳಗೆ ವರದಿ ಬರೆದುಕೊಡಬೇಕು ಎಂದು ಗ್ಯಾಸಿನವನು ಮೆಟ್ಟಿಲ ಮೇಲೆ ಕೂತ. ಹಳೇ ಮುಚ್ಚಳ, ಸಡಿಲವಾಗಿತ್ತು, ಸರಿಮಾಡಿದೆ ಎಂದು ಬರೆದರೆ ಇವತ್ತೇ ಒಲೆ ಹಚ್ಚಬಹುದು ಎಂದ. ಮನೆಯವರು ಬಿಚ್ಚಿದ್ದು ಎಂದು ಬರೆದರೆ ಕಚೇರಿಯ ಮೇಲಿನವರು ಬಂದು ನೋಡುವವರೆಗೆ ಗ್ಯಾಸು ಮುಚ್ಚಿಡಬೇಕು, ಮೂರು ದಿನವಾದರೂ ಆಗುತ್ತದೆ ಎಂದ.

"ಸಡಿಲ ಆಗಿರ್ಲಿಲ್ಲಪ್ಪ. ನಾನು ಮಾಡಿದ್ದು. ಹಂಗೇ ಬರಿ," ಎಂದಳು ತಂಗಿ.

ಬರೆದ. ನಮಗೆ ಮೂರು ದಿನ ಗ್ಯಾಸು ಇರಲಿಲ್ಲ. ಬಿಸಿನೀರು ಎದುರು ಅಂಗಡಿಯಿಂದ ಬಂತು. ಕೂದಲು ಸೋಸಿಯೇ ಕೊಟ್ಟಿದ್ದೇನೆ ಎನ್ನುತ್ತಿದ್ದ ಕ್ಷೌರಿಕ.

ನಾಲ್ಕನೇ ದಿನ ಮೇಲಿನವರು ಬಂದರು. ಅವರು ಕೇಳುವ ಮೊದಲೇ ತಂಗಿ ಮಂಚ ಸರಿಸಿ ಜಾಗ ತೋರಿಸಿ, ಬಿಚ್ಚಿದ್ದು, ಉಜ್ಜಿದ್ದು, ಕೈಯಲ್ಲೇ ತಿರುಗಿಸಿದ್ದು ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಮುಚ್ಚಳದ ಹೊಳಪಿನ ಮೇಲೆ ಇಕ್ಕಳದ ಗೀರು ಎದ್ದು ಕಾಣುತ್ತಿತ್ತು. ಅವರು ಬಗ್ಗಿ ನೋಡುವಷ್ಟು ಹೊತ್ತೂ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.