ಕೂಣಿ ಎತ್ತಿದ ಮಾವನ ಫೋಟೊ

ಆನಂದಪುರದ ಯಶೋಧಾಳಿಗೆ ಫೋಟೊ ಹುಚ್ಚು ಹಿಡಿದದ್ದು ಬಾಣಂತನದಲ್ಲಿ. ಮಗಳು ಚೈತನ್ಯಾ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಹತ್ತು ನಿಮಿಷಕ್ಕೊಮ್ಮೆ ಮೂಗಿನ ಬಳಿ ಬೆರಳಿಟ್ಟು ನೋಡುವ ಹೆಂಗಸು ಅವಳು. ಮೊದಲು ಮಗುವಿನ ಫೋಟೊ, ಆಮೇಲೆ ತೊಟ್ಟಿಲಿನದು, ಆಮೇಲೆ ಕಿಟಕಿಯಾಚೆಯ ಗದ್ದೆಯದು. ಸಾಗರದ ಗ್ಯಾರೇಜಿನಲ್ಲಿ ಕೆಲಸ ಮಾಡುವ ಗಂಡ ನಾಗೇಂದ್ರ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ತಂದುಕೊಟ್ಟ ಮೇಲೆ ಅದೇ ಒಂದು ಕಸುಬಾಯಿತು. ತೆಗೆದ ಚಿತ್ರವನ್ನು ಆನ್‌ಲೈನ್ ಏಜೆನ್ಸಿಗೆ ಕಳಿಸುವುದು. ಯಾವ ದೇಶದ ಜಾಹೀರಾತಿನವನೋ, ಪತ್ರಿಕೆಯವನೋ ಅಲ್ಲಿಂದ ಅದನ್ನು ಕೊಂಡರೆ ಇವಳಿಗೊಂದು ಪಾಲು.

ಎರಡು ವರ್ಷ ಮಂಜು, ಗದ್ದೆ, ಹೊಳೆಬಾಗಿಲಿನ ಲಾಂಚು ಚೆನ್ನಾಗಿಯೇ ಹೋದವು. ಆಮೇಲೆ ಏಜೆನ್ಸಿಗಳು ಒಂದರ ಕುತ್ತಿಗೆ ಇನ್ನೊಂದು ಹಿಚುಕಲು ನಿಂತವು. ಒಬ್ಬ ಬೆಲೆ ಇಳಿಸಿದರೆ ಮತ್ತೊಬ್ಬ ತಿಂಗಳ ಚಂದಾಕ್ಕೆ ಬೇಕಾದಷ್ಟು ಚಿತ್ರ ಸುರಿದ. ಮೂರನೆಯವನು ಕಂಪ್ಯೂಟರಿನಿಂದಲೇ ಮಂಜಿನ ಚಿತ್ರ ಮಾಡಿಸಿದ. ಅವಳು ಏನು ಕಳಿಸಿದರೂ ಒಂದೇ ಉತ್ತರ: 'ಇಂಥ ಚಿತ್ರಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ.' ಹೊಸದಾಗಿ ಹುಟ್ಟಿದ ಏಜೆನ್ಸಿಯೊಂದು ಮಾತ್ರ ತನಗೆ ಬೇಕಾದ್ದರ ಪಟ್ಟಿ ಕಳಿಸಿತು. ಬೇರೆಯವರಲ್ಲಿ ಇಲ್ಲದ್ದು ಕೊಡಿ: ಸಿಟ್ಟು, ಗುಂಪು, ಭಯ, ರಕ್ತ.

ಯಶೋಧಾ ರಕ್ತ ಹುಡುಕಿಕೊಂಡು ಹೊರಟಳು. ಸೀಳಿದ ಹಂದಿ, ಕಾಲಿಗೆ ಕತ್ತಿ ಕಟ್ಟಿದ ಹುಂಜ, ಬಾರಿನ ಮುಂದಿನ ಹೊಡೆದಾಟ. ತೀರ್ಥಹಳ್ಳಿ ಕಡೆಯ ಮೇಳಿಗೆಯಲ್ಲಿ ಕೋಳಿ ಅಂಗಡಿಯ ರಾಮಚಂದ್ರಪ್ಪನ ಕೈಯಲ್ಲಿ ರಕ್ತದ ಮಚ್ಚು ಎತ್ತಿಸಿ, ಹಲ್ಲು ಕಚ್ಚಿಸಿ ನಿಲ್ಲಿಸಿ ತೆಗೆದಳು. ಮುಖ ಕಾಣುವ ಚಿತ್ರ ಮಾರಬೇಕಾದರೆ ಆ ಮನುಷ್ಯನ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಗುರುತಿಗೆಂದು ಪತ್ರದ ಮೂಲೆಯಲ್ಲಿ ಅದೇ ಚಿತ್ರದ ಚಿಕ್ಕ ಪ್ರಿಂಟು ಅಂಟಿಸಬೇಕು. ಮನೆಯಲ್ಲಿಟ್ಟರೆ ಗೆದ್ದಲು ಹಿಡಿದೀತು ಎಂಬ ಚಿಂತೆಗೆ ಅವಳು ಆ ಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕ್ಯಾಮೆರಾ ಬ್ಯಾಗಿನಲ್ಲೇ ಹೊತ್ತು ತಿರುಗುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಊರಿನ ಹತ್ತಿರ ಕೆರೆಬೇಟೆ. ನೀರು ಇಳಿದ ಕೆರೆಗೆ ನೂರಾರು ಗಂಡಸರು ಒಟ್ಟಿಗೆ ಬಿದ್ದು ಮೀನು ಹಿಡಿಯುವ ದಿನ. ಎಲ್ಲರ ಕೈಯಲ್ಲೂ ಕೂಣಿ, ಅಂದರೆ ತಳವಿಲ್ಲದ ಬಿದಿರಿನ ಬುಟ್ಟಿ; ಮೀನಿನ ಮೇಲೆ ಕವುಚಿ ಹಾಕಿ ಮೇಲಿನ ಬಾಯಿಂದ ಕೈ ಇಳಿಸುತ್ತಾರೆ. ಕೂಗು ಬಿದ್ದದ್ದೇ ತಡ, ಏರಿಯ ಮೇಲಿದ್ದ ಜನ ಕೆಸರಿಗೆ ಉರುಳಿದರು. ಮೊಣಕೈ ಮೂಗಿಗೆ ಬಡಿಯಿತು, ಕೂಣಿ ತಲೆಗೆ ಬಡಿಯಿತು, ಬಿದ್ದವನ ಬೆನ್ನ ಮೇಲೆ ಹತ್ತು ಕಾಲು. ಯಶೋಧಾ ಕ್ಯಾಮೆರಾಕ್ಕೆ ಕಣ್ಣಿಟ್ಟು ನಿಂತಿದ್ದಳು. ಅದರೊಳಗೊಂದು ಮಗು ಕಂಡಿತು. ಕೆಸರಲ್ಲಿ ಬಿದ್ದು ಅರಚುತ್ತಿತ್ತು, ಜನ ಅದರ ಮೇಲೇ ನುಗ್ಗುತ್ತಿದ್ದರು. ಅಷ್ಟರಲ್ಲಿ ಒಬ್ಬ ಹಾರಿ ಬಂದು ಮಗುವಿನ ರಟ್ಟೆ ಹಿಡಿದೆಳೆದು ಕಂಕುಳಿಗೆ ಸಿಕ್ಕಿಸಿಕೊಂಡ. ಇನ್ನೊಂದು ಕೈಯಲ್ಲಿ ಕೂಣಿ ಎತ್ತಿ, ಹಲ್ಲು ಕಿರಿದು, ಹತ್ತಿರ ಬಂದವರಿಗೆಲ್ಲ ಬೀಸಿದ. ಹುಬ್ಬು ಒಡೆದು ರಕ್ತ ಕೆಸರಿನ ಜೊತೆ ಇಳಿಯುತ್ತಿತ್ತು. ಅವಳ ಬೆರಳು ಮೂರು ಸಲ ಒತ್ತಿತು.

ಮೂರನೆಯದು ಆದ ಮೇಲೆ ಗೊತ್ತಾಯಿತು, ಮಗು ಚೈತನ್ಯಾ. ಹೊತ್ತವನು ತನ್ನ ತಮ್ಮ ತೀರ್ಥೇಶ್. ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ ಮಗಳು ಏರಿಯಿಂದ ಯಾವಾಗ ಜಾರಿದಳೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ತಾಯಿ ಕೆರಿಯಮ್ಮ ಜನರೆದುರೇ ಅವಳ ಕೆನ್ನೆಗೆ ಬಾರಿಸಿದಳು. "ಮಗು ತುಳ್ದು ಹಾಕ್ತಿದ್ರೆ ಪೋಟ ತಗೀತಾ ನಿಂತಿದ್ಯೇನೆ? ನೀನು ಹೆತ್ತಿದ್ದೇ ಹೌದನೆ ಅದನ್ನ?"

ಹುಬ್ಬಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದ ತೀರ್ಥೇಶ್ ಮಾತ್ರ ನಗುತ್ತಿದ್ದ. "ಬಿಡವ್ವಾ, ಮಗೀಗೆ ಏನೂ ಆಗ್ಲಿಲ್ವಲ್ಲ. ಅಕ್ಕ, ತೋರ್ಸೆ ನೋಡಣ. ಅಬ್ಬಬ್ಬಾ, ರಾಕ್ಷಸ ಇದ್ದಂಗಿದೀನಿ! ಮಾರು ಇದನ್ನ."

"ನೀನು ಸೈನ್ ಹಾಕ್ಬೇಕು ಕಣೋ."

"ಹಾಕಣ ತಾ. ನನ್ ಮುಸುಡಿ ದುಡ್ ಕೊಟ್ಟು ತಗಳೋ ಹುಚ್ಚ ಯಾವನು ಅಂತ ನೋಡೇ ಬಿಡಣ."

ಮಗುವಿನ ಪರವಾಗಿ ತಾಯಿ ಸಹಿ ಹಾಕಬೇಕಿತ್ತು. ಅದನ್ನು ಯಶೋಧಾಳೇ ಹಾಕಿದಳು.

ಹಳೆಯ ಏಜೆನ್ಸಿ ಇದು ಏನು, ಎಲ್ಲಿ, ಮಗು ಯಾಕೆ ಅಳುತ್ತಿದೆ ಎಂದು ವಿವರ ಕೇಳಿ ವಾರ ಕಾಯಿಸಿತು. ಹೊಸದು ಏನೂ ಕೇಳಲಿಲ್ಲ. ಹುಡುಕುವವರಿಗೆ ಸಿಗಲೆಂದು ಚಿತ್ರದ ಕೆಳಗೆ ಐವತ್ತು ಪದ ಹಾಕಿ ಎಂದಿತು, ಅಷ್ಟೆ. ಅವಳು ಹದಿನೆಂಟಕ್ಕೆ ಸುಸ್ತಾದಳು. ಉಳಿದದ್ದನ್ನು ಏಜೆನ್ಸಿಯ ಸಾಫ್ಟ್‌ವೇರೇ ತುಂಬಿ ತೋರಿಸಿತು: ಹಿಂಸೆ, ದರೋಡೆ, ಅಪರಾಧಿ, ಮಕ್ಕಳ ಅಪಹರಣ. ಬೇಡದ್ದರ ಟಿಕ್ ತೆಗೆಯಬೇಕು. 'ಅಪಹರಣ'ದ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಪದ ಹೆಚ್ಚಿದ್ದರೆ ನೋಡುವವರೂ ಹೆಚ್ಚು. ತೆಗೆಯಲಿಲ್ಲ. ಆ ಚಿತ್ರ ಹೋದ ಹಾಗೆ ಅವಳ ಇನ್ಯಾವ ಚಿತ್ರವೂ ಹೋಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಅಂಗನವಾಡಿ ತಾಯಂದಿರ ವಾಟ್ಸಾಪ್ ಗುಂಪಿಗೆ ಅದೇ ಚಿತ್ರ ತಿರುಗಿ ಬಂತು. ಮೇಲೆ ಕೆಂಪು ಅಕ್ಷರ: 'ಮಕ್ಕಳ ಕಳ್ಳ ಶಿವಮೊಗ್ಗ ಜಿಲ್ಲೆಗೆ ಬಂದಿದ್ದಾನೆ. ಸಿಕ್ಕರೆ ಬಿಡಬೇಡಿ.'

ಯಶೋಧಾ ಮೊಬೈಲು ಹಿಡಿದು ಕೂತಳು. ಇವನು ನನ್ನ ತಮ್ಮ, ಮಗು ನನ್ನದೇ ಎಂದು ಬರೆದಳು. ಆ ಗುಂಪಿನವರು ನಂಬಿದರು. ಉಳಿದ ಸಾವಿರ ಗುಂಪುಗಳಿಗೆ ಬರೆಯುವವರು ಯಾರು? ಪೊಲೀಸರಿಗೆ ಹೇಳೋಣವೆಂದರೆ ಟಿಕ್ ತೆಗೆಯದ್ದನ್ನೂ ಹೇಳಬೇಕು. ತೀರ್ಥೇಶ್ ಮೊಟ್ಟೆ ಗಾಡಿ ಓಡಿಸುವವನು. ಹೊಸನಗರದಿಂದ ತೀರ್ಥಹಳ್ಳಿವರೆಗೆ ಅಂಗಡಿ ಅಂಗಡಿಗೆ ಮೊಟ್ಟೆ ಹಾಕುವುದು ಅವನ ಲೈನು.

"ಎರಡು ವಾರ ಗಾಡಿ ತೆಗೀಬೇಡ್ವೋ ತಮ್ಮ."

"ಮೊಟ್ಟೆ ಕೊಳ್ತು ಹೋಗ್ತಾವೆ ಅಕ್ಕ. ಅಂಗಡಿಯೋರೆಲ್ಲ ನನ್ ಪರಿಚಯದವ್ರೇ."

"ಮೇಳಿಗೆ ಕಡೆ ಹೊಸಾ ಲೈನು ಅಂದ್ಯಲ್ಲ, ಅಲ್ಲಿ ಯಾರಿದಾರೆ ನಿಂಗೆ?"

"ಎಂತ ಮಾರಾಯ್ತಿ ನಿಂದು! ಮೊಟ್ಟೆ ಮಾರೋನ್ನ ಯಾರಾದ್ರೂ ಹೊಡೀತಾರನೆ?"

ಭಾನುವಾರ ಬೆಳಿಗ್ಗೆ ಅವಳು ಮಗಳನ್ನು ಎತ್ತಿಕೊಂಡು ಗಾಡಿ ಹತ್ತಿಯೇಬಿಟ್ಟಳು. ಯಾರಾದರೂ ಕೇಳಿದರೆ ತಾಯಿ ನಾನೇ ಎನ್ನಲು ತಾನಿರಬೇಕು, ತೋರಿಸಲು ಮಗು ಇರಬೇಕು. ಎರಡು ರಾತ್ರಿ ನಿದ್ದೆಗೆಟ್ಟು ಅವಳು ಕಂಡುಕೊಂಡ ಉಪಾಯ ಅದು.

ಮೇಳಿಗೆಗೆ ಇನ್ನೇನು ಅರ್ಧ ಕಿಲೋಮೀಟರ್ ಇದೆ ಎನ್ನುವಾಗ ತಿರುವಿನಲ್ಲಿ ಒಂದು ಲಾರಿ ಮಗುಚಿ ಬಿದ್ದಿತ್ತು. ಚಾಲಕನನ್ನು ಆಗಲೇ ಕೊಂಡೊಯ್ದಿದ್ದರು. ಪುಡಿಯಾದ ಗಾಜು, ಸೀಟಿನ ತುಂಬ ರಕ್ತ, ಒಂದು ಚಪ್ಪಲಿ. ಯಶೋಧಾಳ ಕೈ ತಾನಾಗಿ ಬ್ಯಾಗಿಗೆ ಹೋಯಿತು. "ಎರಡೇ ನಿಮಿಷ ಕಣೋ."

"ಮಗೀಗೆ ಇದನ್ನೆಲ್ಲ ತೋರಿಸ್ಬೇಡ," ಎಂದ ತೀರ್ಥೇಶ್. "ನಾವು ಮುಂದೆ ಅಂಗಡಿ ಹತ್ರ ಬಿಸ್ಕೀಟ್ ತಿಂತಾ ಇರ್ತೀವಿ. ಬಾ ನೀನು."

ಅಮ್ಮ ಬೇಕು ಎಂದು ಚೈತನ್ಯಾ ರಾಗ ಎಳೆಯುತ್ತಿರುವಂತೆಯೇ ಗಾಡಿ ಮುಂದೆ ಹೋಯಿತು.

ಎರಡು ನಿಮಿಷ ಇಪ್ಪತ್ತಾಯಿತು. ಆ ಕಡೆಯಿಂದ ಕೂಗು ಕೇಳಿದಾಗ ಅವಳು ಸೀಟಿನ ರಕ್ತಕ್ಕೆ ಬೆಳಕು ಹೊಂದಿಸುತ್ತಿದ್ದಳು. ಓಡಿದಳು.

ರಸ್ತೆಯ ತುಂಬ ಒಡೆದ ಮೊಟ್ಟೆ. ಜನ ಟ್ರೇಗಳನ್ನೆತ್ತಿ ರಸ್ತೆಗೆ ಕುಕ್ಕುತ್ತಿದ್ದರು. ನಡುವೆ ತೀರ್ಥೇಶ್ ಬಿದ್ದಿದ್ದ. ಅಂಗಿ ಹರಿದು, ಲೋಳೆಯಲ್ಲೂ ರಕ್ತದಲ್ಲೂ ಹೊರಳಿ, ಅವನ ಮುಖ ಮತ್ತೆ ಆ ಕೆರೆಯಲ್ಲಿದ್ದ ಹಾಗೇ ಕಾಣುತ್ತಿತ್ತು. ಸತೀಶ್ ಎಂಬ ಯುವಕನ ಕೈಯಲ್ಲಿ ಗಾಡಿಯ ಜಾಕಿನ ಸಲಾಕೆ.

"ಇವ್ನೇ ಕಣ್ರೋ! ಮೊಬೈಲ್ ನೋಡ್ರಿ, ಹುಬ್ಬಿನ ಮೇಲೆ ಅದೇ ಗಾಯ! ಮಗೂನೂ ಅದೇ!"

"ನಮ್ಮಕ್ಕ ಬರ್ತಾಳೆ, ಅವಳನ್ನ ಕೇಳಿ," ಎನ್ನುತ್ತಿದ್ದ ಅವನ ಬಾಯಿಗೆ ಯಾರದೋ ಕಾಲು ಬಿತ್ತು. ಹಲ್ಲು ಮುರಿದ ಸದ್ದು ಯಶೋಧಾಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಬಿಡ್ರಿ! ಅವ್ನು ನನ್ ತಮ್ಮ! ಆ ಮಗು ನಂದು!"

"ಕ್ಯಾಮೆರಾ ನೋಡ್ರೋ ಇವಳ್ದು! ಮಕ್ಳ ಫೋಟೊ ಹೊಡ್ದು ಕಳ್ಸದೇ ಇವ್ಳು. ಗ್ಯಾಂಗಿನೋಳು!"

ಯಾರೋ ಅವಳ ಜಡೆ ಹಿಡಿದು ಹಿಂದಕ್ಕೆಳೆದರು. ಕ್ಯಾಮೆರಾ ಕಲ್ಲಿಗೆ ಬಡಿದು ಎರಡಾಯಿತು. ಅಂಗಡಿಯ ಜಗಲಿಯಲ್ಲಿ ಒಬ್ಬ ಹೆಂಗಸು ಅರಚುವ ಚೈತನ್ಯಾಳನ್ನು ಎದೆಗೊತ್ತಿಕೊಂಡು ಸಮಾಧಾನ ಮಾಡುತ್ತಿದ್ದಳು. "ಹೆದ್ರಬೇಡ ಪುಟ್ಟಿ. ನಿನ್ ಅಮ್ಮನ್ನ ಹುಡುಕಿ ಕೊಡ್ತೀವಿ."

ಆಗ ಎದುರು ಅಂಗಡಿಯಿಂದ ರಾಮಚಂದ್ರಪ್ಪ ಬಂದ. ಕೋಳಿ ಕಡಿಯುತ್ತಿದ್ದ ಮಚ್ಚು ಕೈಯಲ್ಲೇ ಇತ್ತು. ಅವನು ತೀರ್ಥೇಶನ ಬಲಗೈಯನ್ನು ಕಾಲಲ್ಲಿ ಮೆಟ್ಟಿ ನಿಂತ. "ಸುಮ್ನೆ ಹೊಡ್ದು ಎಂತ ಮಾಡ್ತ್ರಿ? ಮುಂಗೈ ತೆಗ್ದು ಬಿಡಣ. ಮತ್ಯಾರ ಮಕ್ಕಳನ್ನೂ ಮುಟ್ಬಾರ್ದು."

ಯಶೋಧಾ ಜಡೆ ಹಿಡಿದವನ ಕೈ ಕಚ್ಚಿದಳು. ಬಾಯಿಗೆ ಉಪ್ಪು ಹತ್ತುವವರೆಗೂ ಕಚ್ಚಿ, ಬಿಡಿಸಿಕೊಂಡು, ರಸ್ತೆಯಲ್ಲಿ ಚೆಲ್ಲಿದ ಬ್ಯಾಗಿನಿಂದ ಪ್ಲಾಸ್ಟಿಕ್ ಕವರು ಕಿತ್ತಳು. ಲೋಳೆ ಮೆತ್ತಿದ ಬೆರಳಲ್ಲಿ ಪತ್ರ ಹುಡುಕಿ ಅವನ ಮುಖಕ್ಕೇ ಹಿಡಿದಳು.

"ರಾಮಚಂದ್ರಪ್ಪಣ್ಣ! ಇದ್ಯಾರು ನೋಡಿ! ಕೆಳಗೆ ಸೈನ್ ಯಾರ್ದು?"

ಪತ್ರದ ಮೂಲೆಯಲ್ಲಿ ಅವನೇ ಇದ್ದ. ರಕ್ತದ ಮಚ್ಚು, ಕಚ್ಚಿದ ಹಲ್ಲು, ಕೆಂಡದ ಕಣ್ಣು.

"ಇದರ ಮೇಲೆ ನಾಳೆ ಯಾವನಾದ್ರೂ 'ಕೊಲೆಗಾರ, ಸಿಕ್ರೆ ಬಿಡಬೇಡಿ' ಅಂತ ಬರೆದ್ರೆ ನಿಮ್ಮನ್ನ ಯಾವ ಊರಲ್ಲಿ ಹೊಡೀತಾರೆ? ಇವ್ನ ಫೋಟೊನೂ ನಾನೇ ತೆಗ್ದಿದ್ದು. ಇಗೊಳ್ಳಿ ಇವ್ನ ಕಾಗದ. ಇದು ಮಗೂದು, ತಾಯಿ ಸೈನ್ ನಂದು. ಕೆರೆಬೇಟೇಲಿ ತುಳಿತಕ್ಕೆ ಸಿಕ್ಕಿ ಸಾಯ್ತಿತ್ತು ಮಗು, ಇವ್ನು ಎತ್ಕೊಂಡ. ನಾನು ತಾಯಿ, ಫೋಟೊ ತೆಗೀತಾ ನಿಂತಿದ್ದೆ!"

ರಾಮಚಂದ್ರಪ್ಪ ಮೂರೂ ಕಾಗದಗಳನ್ನು ಒಂದೊಂದಾಗಿ ನೋಡಿದ. ಅವನು ನೋಡುತ್ತಿರುವಾಗಲೇ ಸತೀಶ್ ಇನ್ನೊಂದು ಏಟು ಹಾಕಿದ. ಸಲಾಕೆ ತೀರ್ಥೇಶನ ಎಡಗಣ್ಣಿನ ಮೇಲೆ ಬಿತ್ತು. ಅವನ ಬಾಯಿಂದ ಕೂಗೂ ಬರಲಿಲ್ಲ.

"ನಿಲ್ಸೋ ಸತೀಶ!" ರಾಮಚಂದ್ರಪ್ಪ ಕೈ ಮೇಲಿನ ಕಾಲು ತೆಗೆದು ಬಿದ್ದವನನ್ನು ದಾಟಿ ನಿಂತ. ಮಚ್ಚು ಈಗ ಜನರ ಕಡೆ ತಿರುಗಿತ್ತು. "ಇನ್ನೊಂದು ಏಟು ಬಿದ್ರೆ ನಿನ್ನನ್ನೇ ಕಡೀತೀನಿ. ಈಯಮ್ಮ ಇಲ್ಲಿಗೆ ಬಂದಿತ್ತು. ಹಲ್ ಕಚ್ಚಿ, ಹಲ್ ಕಚ್ಚಿ ಅಂತ ಹೇಳಿ ನನ್ ಫೋಟೊ ತೆಗ್ದಿತ್ತು." ಆಮೇಲೆ ಅವಳ ಕಡೆ ತಿರುಗಿದ. "ಕೋಳಿ ಕಡಿಯೋಕೆ ಯಾವನಮ್ಮ ಹಲ್ ಕಚ್ತಾನೆ? ನೀ ಹೇಳ್ದೆ ಅಂತ ಕಚ್ಚಿದ್ದು."

"ಹೌದಣ್ಣ," ಎಂದಳು. "ನಾನೇ ಹೇಳಿದ್ದು."

ಜಗಲಿಯ ಹೆಂಗಸಿನ ಕೈಯಿಂದ ಇಳಿದ ಚೈತನ್ಯಾ ಓಡಿ ಬಂದು ಅಮ್ಮನ ಹತ್ತಿರ ನಿಲ್ಲದೆ ಮಾವನ ಎದೆಯ ಮೇಲೆ ಬಿದ್ದಳು. ಜನ ಒಬ್ಬೊಬ್ಬರೇ ಮೊಬೈಲು ಜೇಬಿಗಿಳಿಸಿ ಕರಗಿದರು. ಶಿವಮೊಗ್ಗದ ಆಸ್ಪತ್ರೆಯವರೆಗೆ ಗಾಡಿ ಓಡಿಸಿದವನು ರಾಮಚಂದ್ರಪ್ಪನೇ.

ತೀರ್ಥೇಶ್ ಉಳಿದ. ಎಡಗಣ್ಣು ಹೋಯಿತು, ದವಡೆಗೆ ತಂತಿ ಬಿತ್ತು. ಸತೀಶ್ ಮತ್ತು ಇನ್ನು ಕೆಲವರ ಮೇಲೆ ಕೇಸಾಯಿತು. ಠಾಣೆಯಲ್ಲಿ ಯಶೋಧಾ ಟಿಕ್ಕಿನ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ರಾಮಚಂದ್ರಪ್ಪನ ಚಿತ್ರವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅವನ ಕಣ್ಣೆದುರೇ ಅಳಿಸಿದಳು. ಅದು ಹಳೆಯ ಏಜೆನ್ಸಿಯಲ್ಲಿತ್ತು, ಅಲ್ಲಿ ಬೇಕೆಂದಾಗ ತೆಗೆಯಬಹುದಿತ್ತು. ಕೂಣಿಯ ಚಿತ್ರ ಹಾಗೆ ಅಳಿಯಲಿಲ್ಲ. ಪೈಪೋಟಿಗೆ ಬಿದ್ದ ಹೊಸ ಏಜೆನ್ಸಿ ಅದನ್ನು ಇನ್ನೂ ಹನ್ನೊಂದು ಕಡೆಗೆ ಹಂಚಿಬಿಟ್ಟಿತ್ತು. ಒಪ್ಪಂದದ ಪ್ರಕಾರ ಒಂದು ವರ್ಷದವರೆಗೆ ಹಿಂದಕ್ಕೆ ಪಡೆಯುವಂತಿಲ್ಲ ಎಂಬ ಉತ್ತರ ಬಂತು. ಕೊಂಡವರ ಹತ್ತಿರ ಇರುವುದಂತೂ ಎಂದಿಗೂ ವಾಪಸು ಬರುವುದಲ್ಲ.

ತಂತಿ ಬಿಚ್ಚಿದ ವಾರ ತೀರ್ಥೇಶನೇ ಹೇಳಿದ. "ಅಕ್ಕ, ಇನ್ನೊಂದು ತೆಗಿ. ನಾನು, ಚೈತೂ. ಬಿಟ್ಟಿ ಹಾಕು ಎಲ್ಲಾ ಕಡೆ. ಅದಕ್ಕಿಂತ ಜಾಸ್ತಿ ಜನ ಇದನ್ನ ನೋಡ್ಲಿ."

ಕ್ಯಾಮೆರಾ ಇರಲಿಲ್ಲ. ಮೊಬೈಲಿನಲ್ಲೇ ತೆಗೆದಳು. ಕುಳಿ ಬಿದ್ದ ಕಣ್ಣು, ಮುಂದಿನ ಹಲ್ಲಿಲ್ಲದ ನಗು, ತೊಡೆಯ ಮೇಲೆ ಚೈತನ್ಯಾ. ಪದಗಳು ಮೂರೇ: ಮಾವ, ಸೊಸೆ, ಆನಂದಪುರ. ನಾಲ್ಕು ದಿನಕ್ಕೆ ಏಜೆನ್ಸಿಗಳಿಂದ ಉತ್ತರ ಬಂತು, 'ಇಂಥ ಚಿತ್ರಗಳು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ.'

ಅವಳು ಅದನ್ನು ಸಾಗರದಲ್ಲಿ ದೊಡ್ಡದಾಗಿ ಪ್ರಿಂಟು ಹಾಕಿಸಿದಳು. ತೀರ್ಥೇಶ್ ಅದನ್ನು ಗಾಡಿಯ ಮುಂದಿನ ಗಾಜಿಗೆ ಹೊರಗೆ ಕಾಣುವಂತೆ ಅಂಟಿಸಿಕೊಂಡ. ಮೊದಲ ದಿನ ಲೈನಿಗೆ ಹೊರಟಾಗ ಕೆರಿಯಮ್ಮ ಗಾಡಿಗೆ ದೃಷ್ಟಿ ತೆಗೆದಳು. ಯಶೋಧಾ ಗಂಟೆಗೊಂದು ಸಲ ಫೋನ್ ಮಾಡಬೇಕೆಂದು ಆಣೆ ಹಾಕಿಸಿಕೊಂಡಳು.

"ಮಾವ, ನಾನೂ ಬತ್ತೀನಿ," ಎಂದು ಚೈತನ್ಯಾ ಗಾಡಿಯ ಬಾಗಿಲು ಹಿಡಿದು ಜೋತುಬಿದ್ದಳು.

ಅವನು ಉಳಿದ ಒಂದು ಕಣ್ಣಿನಲ್ಲಿ ಅವಳನ್ನು ನೋಡಿದ, ಗಾಜಿನ ಮೇಲಿನ ಅವಳನ್ನೂ ನೋಡಿದ. ಆಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ನೀನು ಫೋಟೊದಲ್ಲಿ ಬಾ ಪುಟ್ಟಿ. ಅಷ್ಟು ಸಾಕು."