ಎರಡೇ ಮಾತಿನ ಮೇಷ್ಟ್ರು

ಆಸ್ಪತ್ರೆ ಸುಧಾರಣೆಯ ಬಗ್ಗೆ ನಮ್ಮ ಪುರಭವನದಲ್ಲಿ ಸಾರ್ವಜನಿಕ ಸಭೆ ನಡೆದಾಗಲೆಲ್ಲ, ಮೊದಲ ಸಾಲಿನಲ್ಲಿ ಕಡತ ತಬ್ಬಿಕೊಂಡು ಕೂತಿರುವ ನಿವೃತ್ತ ಲೆಕ್ಕದ ಮೇಷ್ಟ್ರು ನಾನೇ. "ಎರಡೇ ಮಾತು" ಎಂದು ಎದ್ದವನು ಇಪ್ಪತ್ತು ನಿಮಿಷಕ್ಕೆ ಮೊದಲು ಕೂತ ದಾಖಲೆಯಿಲ್ಲ. ನಾನು ಕೈ ಎತ್ತಿದ ಕೂಡಲೇ ಹಿಂದಿನ ಸಾಲಿನವರು ಚಹಾ ಕುಡಿಯಲು ಹೊರಡುತ್ತಾರೆ. ಯಾರೂ ಎದುರಾಡುವುದಿಲ್ಲವಲ್ಲ, ಇದು ಮೌನ ಸಮ್ಮತಿಯೇ ಸರಿ ಎಂದು ನಾನು ಬಹುಕಾಲ ನಂಬಿದ್ದೆ. ಯಾವ ವಾರ್ಡಿನಲ್ಲಿ ಎಷ್ಟು ಹಾಸಿಗೆ, ಒಬ್ಬ ನರ್ಸಿಗೆ ಎಷ್ಟು ರೋಗಿಗಳು, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿವೆ. ಅಧ್ಯಕ್ಷರು ಗಂಟೆ ಬಾರಿಸಿದರೆ, "ಜನರ ಪ್ರಾಣದ ವಿಷಯ ಸ್ವಾಮಿ, ಗಂಟೆ ನೋಡ್ಬಾರ್ದು" ಎಂದು ಗದರುತ್ತೇನೆ. ಮನೆಗೆ ಬಂದ ಮೇಲೆ, ಸಭೆಯಲ್ಲಿ ಬಿಟ್ಟುಹೋದ ಅಂಶಗಳನ್ನು ಹೆಂಡತಿಯ ಮುಂದೆ ಮಂಡಿಸುತ್ತೇನೆ. ಅವಳು ಬಟ್ಟೆ ಮಡಚುತ್ತಾ ಹೂಂಗುಟ್ಟುತ್ತಾಳೆ. ಕಳೆದ ವಾರ ಮೆಟ್ಟಿಲು ಹತ್ತುವಾಗ ಅವಳು ಎದೆ ಹಿಡಿದುಕೊಂಡು ಕುಸಿದು ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನತ್ತ ತಿರುಗಿ, "ಇವರಿಗೆ ನೋವು ಯಾವಾಗಿಂದ ಇದೆ?" ಎಂದು ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ಹಾಸಿಗೆಯಿಂದ ಹೆಂಡತಿಯೇ ಮೆಲ್ಲಗೆ ಹೇಳಿದಳು: "ಆರು ತಿಂಗಳಾಯ್ತು. ಹೇಳೋಣ ಅಂದ್ಕೊಂಡಾಗೆಲ್ಲ ಇವರು ಮಾತಾಡ್ತಾ ಇರ್ತಿದ್ರು."